ಕೊನೆ ಕೈ ಮೇಲೆ ಸಿಟ್ಟು ತೀರಿಸ್ಕೋಬೇಡಿ

1/9
ಫ್ರೆಂಡ್ಸ್, ಒಂದು ಪ್ರಶ್ನೆ. ಮನಸ್ಸಲ್ಲೇ ಉತ್ತರ ಹೇಳ್ಕೊಂಡು ಆಮೇಲೆ ಮುಂದೆ ಓದಿ.

ನೀವು ಮೊಬೈಲಲ್ಲಿ ನೋಡಿ ಒಂದು ವಸ್ತು ತರಿಸ್ತೀರಿ. ದುಡ್ಡು ಮೊದಲೇ ಕಟ್ಟಿರ್ತೀರಿ. ಅದು ಪೋಸ್ಟಲ್ಲಿ ಬರುತ್ತೆ. ಬಿಚ್ಚಿ ನೋಡಿದ್ರೆ ಒಡೆದಿರುತ್ತೆ. ಅಂಗಡಿಯವರು "ನಾವು ಚೆನ್ನಾಗಿರೋದನ್ನೇ ಕಳಿಸಿದ್ವಿ" ಅಂತಾರೆ. ಪೋಸ್ಟ್‌ನವರು "ನಮ್ಮ ಕೈಗೆ ಬಂದಿದ್ದೇ ಹೀಗೆ" ಅಂತಾರೆ. ಈಗ ನಷ್ಟ ಯಾರದು?

ಇದನ್ನೇ ನಮ್ಮ ಕ್ಲಾಸಲ್ಲಿ ಕೇಳ್ದೆ. ಅರ್ಧ ಜನ ಪೋಸ್ಟ್‌ನವರದು ಅಂದ್ರು. ಇನ್ನೊಂದಿಷ್ಟು ಜನ ಅಂಗಡಿಯವರದು ಅಂದ್ರು. ಹಿಂದಿನ ಬೆಂಚಿಂದ ಒಬ್ಬ, "ಯಾರದಾದ್ರೇನು, ಕೊನೆಗೆ ನಮ್ದೇ. ಹೋಗ್ಲಿ ಬಿಡು" ಅಂದ. ಎಲ್ಲರೂ ನಕ್ಕರು. ಆದ್ರೆ ನಿಜ ಹೇಳ್ಬೇಕಂದ್ರೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲಿ ಹೋಗಿ ಕೇಳಿದ್ರೂ ಬಹಳ ಮನೆಗಳಲ್ಲಿ ಸಿಗೋ ಉತ್ತರ ಇದೇ. ಹೋಗ್ಲಿ ಬಿಡು.

ಈ ಸರಣಿಯನ್ನ ಮೊದಲಿಂದ ಓದ್ತಿರೋರಿಗೆ ಗೊತ್ತು, ಬಿಕಾಂ ಕ್ಲಾಸಲ್ಲಿ ಕೇಳಿದ್ದು ಮನೇಲಿ ಎಲ್ಲಿ ಉಪಯೋಗಕ್ಕೆ ಬಂತು ಅನ್ನೋದೇ ಇಲ್ಲಿನ ವಿಷಯ. ಈ ಸಲ ಸ್ವಲ್ಪ ಉದ್ದ ಐತಿ. ಒಂಬತ್ತು ಭಾಗ. ಬಸ್ಸಲ್ಲಿ ಕೂತಾಗ ಓದ್ಕೊಳ್ಳಿ.

2/9
ನಮ್ಮವ್ವ ಟೈಲರಿಂಗ್ ಮಾಡ್ತಾಳೆ. ಕೊಟ್ಟೂರು ಮತ್ತು ಕೂಡ್ಲಿಗಿ ನಡುವಿನ ಒಂದು ಹಳ್ಳಿ ನಮ್ಮದು. ಬ್ಲೌಸು, ಲಂಗ, ಹರಿದ ಪ್ಯಾಂಟು ಎಲ್ಲ ವರ್ಷಪೂರ್ತಿ ಬರುತ್ತೆ. ಆದ್ರೆ ನಾಲ್ಕು ಕಾಸು ಕೈಗೆ ಸೇರೋದು ಮೇ, ಜೂನ್‌ನಲ್ಲಿ. ಸರ್ಕಾರಿ ಶಾಲೆ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಯೂನಿಫಾರ್ಮ್ ಬಟ್ಟೆ ಕೊಡ್ತಾರಲ್ಲ, ಅದನ್ನ ಹೊಲಿಸ್ಕೊಳ್ಳೋಕೆ ಊರೋರೆಲ್ಲ ನಮ್ಮನೆಗೆ ಬರ್ತಾರೆ. ಖಾಸಗಿ ಶಾಲೆ ಬಟ್ಟೇನೂ ಅದೇ ಹೊತ್ತಿಗೆ ಬರುತ್ತೆ.

ಅವ್ವನ ಮಷಿನ್ ಕಾಲಲ್ಲಿ ತುಳಿಯೋದು. ಎರಡು ವರ್ಷದಿಂದ ಅವಳಿಗೆ ಮೊಣಕಾಲು ನೋವು. ಡಾಕ್ಟರು ತುಳಿಯೋದು ಕಮ್ಮಿ ಮಾಡಿ ಅಂದ್ರು. ಅದೇ ಮಷಿನ್‌ಗೆ ಕೂರಿಸೋ ಕರೆಂಟ್ ಮೋಟರ್ ಸಿಗುತ್ತೆ, ಜೊತೆಗೊಂದು ಚಿಕ್ಕ ಪೆಡಲ್. ಪಾದ ಒತ್ತಿದ್ರೆ ಸಾಕು. ಪರ ಊರಿನ ಒಂದು ಅಂಗಡಿ ತನ್ನ ವೆಬ್‌ಸೈಟಲ್ಲಿ 1,850 ರೂಪಾಯಿಗೆ ಹಾಕಿತ್ತು. ಸಂಘದಲ್ಲಿ ಕೂಡಿಟ್ಟ ದುಡ್ಡು ತೆಗೆದು ಅವ್ವನೇ ಕಟ್ಟಿದ್ಲು.

ಯಾಕೆ ಪೋಸ್ಟಲ್ಲಿ ತರಿಸಿದ್ವಿ ಅಂತೀರಾ? ನಮ್ಮ ಹಳ್ಳಿ ಪಿನ್‌ಕೋಡ್ ಹಾಕಿದ್ರೆ ಬೇರೆ ಕಡೆ "ಇಲ್ಲಿಗೆ ಡೆಲಿವರಿ ಇಲ್ಲ" ಅಂತ ಕೆಂಪಕ್ಷರ ಬರುತ್ತೆ. ಪೋಸ್ಟ್ ಮಾತ್ರ ಎಲ್ಲಾ ಕಡೆ ಬರುತ್ತೆ. ದೇಶದಲ್ಲಿ 1.6 ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿ ಇದಾವೆ, ಹತ್ತರಲ್ಲಿ ಹತ್ರತ್ರ ಒಂಬತ್ತು ಹಳ್ಳಿಗಳಲ್ಲಿ. 1972ರ ಆಗಸ್ಟ್ 15ಕ್ಕೆ ಶುರುವಾದ ಪಿನ್‌ಕೋಡ್‌ನಲ್ಲಿ ಕೂಡ್ಲಿಗಿ 583135, ಕೊಟ್ಟೂರು 583134, ಹರಪನಹಳ್ಳಿ 583131, ಹಗರಿಬೊಮ್ಮನಹಳ್ಳಿ 583212, ಹೂವಿನಹಡಗಲಿ 583219. ಐದೂ ಊರಿಗೆ ಮೊದಲ ಮೂರು ಅಂಕಿ ಒಂದೇ. ಎಲ್ಲೋ ದೂರದಲ್ಲಿ ಚೀಲ ತುಂಬೋರು ಆ 583 ನೋಡಿನೇ ನಮ್ಮ ಕಡೆ ಹಾಕೋದು.

3/9
ಮೇ ತಿಂಗಳ ನಡುವೆ ಪಾರ್ಸಲ್ ಬಂತು. ತಂದಿದ್ದು ಪೋಸ್ಟ್ ಕಾಕಾ. ನಾನು ಚಿಕ್ಕವಳಿದ್ದಾಗ ಅಜ್ಜಿಯ ಸಂಧ್ಯಾ ಸುರಕ್ಷಾ ದುಡ್ಡು ತಂದು ಎಣಿಸಿ ಕೊಡ್ತಿದ್ದೋರು ಇವರೇ. ಪೆಟ್ಟಿಗೆಯ ಒಂದು ಮೂಲೆ ಒಳಕ್ಕೆ ಹೋಗಿತ್ತು. ಅಲ್ಲಾಡಿಸಿದ್ರೆ ಒಳಗೆ ಏನೋ ಗಲಗಲ ಅಂತಿತ್ತು.

ನಮ್ಮ ಚಿಕ್ಕಪ್ಪ ಕಟ್ಟೆ ಮೇಲೆ ಕೂತಿದ್ದ. ಎದ್ದು ಬಂದವನೇ, "ಎಲ್ಲಿ ಎತ್ತಿ ಹಾಕಿದ್ರಿ ಇದನ್ನ? ಸರ್ಕಾರಿ ಸಂಬಳ ತಗೊಂಡು ಬಡವರ ಸಾಮಾನು ಒಡೀತೀರಿ" ಅಂತ ಶುರು ಮಾಡ್ದ. ಪಕ್ಕದ ಮನೆಯವರೂ ಸೇರ್ಕೊಂಡ್ರು. ಕಾಕಾ ಸೈಕಲ್ ಹಿಡ್ಕೊಂಡು ಸುಮ್ನೆ ನಿಂತಿದ್ರು. ಎಲ್ಲರದೂ ಮುಗಿದ ಮೇಲೆ ನನ್ನ ಕಡೆ ತಿರುಗಿ, "ಯವ್ವಾ, ಇಲ್ಲಿ ಬಿಚ್ಚಬ್ಯಾಡ. ಸಹಿನೂ ಹಾಕಬ್ಯಾಡ. ನಾಳೆ ಆಫೀಸಿಗೆ ಬಾ, ಸಾಹೇಬರ ಮುಂದೆ ತೂಕ ಮಾಡಿಸಿ ಬಿಚ್ಚೋಣು" ಅಂದ್ರು.

ಇದಕ್ಕೆ ಓಪನ್ ಡೆಲಿವರಿ ಅಂತ ಹೆಸರು. ಪಾರ್ಸಲ್ ಹಾಳಾಗಿ ಬಂದಿದ್ರೆ, ಅಂಚೆ ಕಚೇರಿಯಲ್ಲಿ ಅವರ ಎದುರೇ ತೆರೆದು, ಒಳಗೆ ಏನಿತ್ತು, ಯಾವ ಸ್ಥಿತೀಲಿ ಇತ್ತು ಅಂತ ಬರೆಸಿ ತಗೊಳ್ಳೋ ಪದ್ಧತಿ. ಮರುದಿನ ಅವ್ವ, ನಾನು ಹೋದ್ವಿ. ಬುಕ್ ಮಾಡಿದಾಗಿನ ತೂಕ ಲೇಬಲ್ ಮೇಲೆ ಇರುತ್ತೆ. ತಕ್ಕಡಿ ಮೇಲೆ ಇಟ್ರೆ ಅಷ್ಟೇ ಬಂತು. ಅಂದ್ರೆ ದಾರೀಲಿ ಯಾರೂ ಏನೂ ತೆಗೆದಿಲ್ಲ. ತೆರೆದಾಗ ಮೋಟರ್‌ನ ಪುಲ್ಲಿ ಎರಡು ತುಂಡು, ಕೂರಿಸೋ ಬ್ರಾಕೆಟ್ ಸೊಟ್ಟ, ಪೆಡಲ್ ಮೇಲೆ ಉದ್ದಕ್ಕೆ ಬಿರುಕು. ನಾನು ಮೊದಲಿಂದ ಕೊನೆವರೆಗೂ ವಿಡಿಯೋ ಮಾಡಿದೆ. ಪೋಸ್ಟ್ ಮಾಸ್ಟರ್ ಬರೆದ ಚೀಟಿಗೆ ಅವ್ವ ಸಹಿ ಹಾಕಿದ್ಲು.

ಹೊರಗೆ ಬಂದ ಮೇಲೆ ಅವ್ವ ಕೇಳಿದ್ದು ಒಂದೇ ಮಾತು. "ಶಾಲಿ ಶುರು ಆಗಾಕ ಎಷ್ಟು ದಿನ ಐತಿ?"

4/9
ಅವತ್ತೇ ಅಂಗಡಿಗೆ ಫೋಟೋ, ವಿಡಿಯೋ ಎಲ್ಲಾ ಕಳಿಸ್ದೆ. ಉತ್ತರ ಬೇಗನೇ ಬಂತು. "ಮೇಡಂ, ನಾವು ಪೋಸ್ಟಿಗೆ ಕೊಟ್ಟಾಗ ಸರಿ ಇತ್ತು. ಪೋಸ್ಟಿಗೆ ಕೊಟ್ರೆ ನಿಮಗೆ ಕೊಟ್ಟ ಹಾಗೆ. ಪೋಸ್ಟ್‌ನವರನ್ನ ಕೇಳಿ."

ಪೋಸ್ಟಿಗೆ ಕೊಟ್ರೆ ನಿಮಗೆ ಕೊಟ್ಟ ಹಾಗೆ. ಈ ಮಾತು ಎಲ್ಲೋ ಓದಿದೀನಲ್ಲ ಅನ್ನಿಸ್ತು. ಬಿಸಿನೆಸ್ ಲಾ ಪುಸ್ತಕ ತೆಗೆದು ನೋಡಿದ್ರೆ ಅಲ್ಲೇ ಇತ್ತು. ಸರಕು ಮಾರಾಟ ಕಾಯ್ದೆ, 1930. ಸೆಕ್ಷನ್ 39ರ ಮೊದಲನೇ ಉಪವಿಧಿ. ಮಾರಾಟದ ಒಪ್ಪಂದದ ಪ್ರಕಾರ ಮಾರುವವನು ಸರಕನ್ನ ಖರೀದಿದಾರನಿಗೆ ಕಳಿಸಬೇಕಿದ್ದಾಗ, ಸಾಗಿಸುವವರ ಕೈಗೆ ಕೊಟ್ಟರೆ ಅದು ಮೇಲ್ನೋಟಕ್ಕೆ ಖರೀದಿದಾರನಿಗೇ ಕೊಟ್ಟಂತೆ. ಪರೀಕ್ಷೆಗೆ ಇದನ್ನ ಬಾಯಿಪಾಠ ಮಾಡಿದ್ದೆ. ಐದು ಮಾರ್ಕ್ಸ್ ಪ್ರಶ್ನೆ.

ಒಂದು ನಿಮಿಷ ಹೊಟ್ಟೆ ತಣ್ಣಗಾಯ್ತು. ಅಂಗಡಿಯವರು ಸುಳ್ಳು ಹೇಳ್ತಿಲ್ಲ. ಕಾನೂನೇ ಅವರ ಕಡೆ ಐತಿ ಅನ್ನಿಸ್ತು. ಅವ್ವ ಒಳಗೆ ಬಟ್ಟೆ ಕತ್ತರಿಸ್ತಿದ್ಲು. ಅವಳಿಗೆ ಏನಂತ ಹೇಳ್ಲಿ?

ಆದ್ರೆ "ಮೇಲ್ನೋಟಕ್ಕೆ" ಅನ್ನೋ ಪದ ಐತಲ್ಲ, ಅದನ್ನ ನಮ್ಮ ಲೆಕ್ಚರರ್ ಬೋರ್ಡ್ ಮೇಲೆ ಎರಡು ಸಲ ಗೆರೆ ಹಾಕಿ ತೋರಿಸಿದ್ರು. ಮೇಲ್ನೋಟಕ್ಕೆ ಅಂದ್ರೆ ಅಲ್ಲಿಗೆ ಮುಗೀತು ಅಂತಲ್ಲ, ಬೇರೆ ಏನೂ ಇಲ್ಲದಿದ್ರೆ ಹೀಗೆ ಅಂತ. ಹಾಗಾಗಿ ಪುಟ ತಿರುಗಿಸ್ದೆ.

5/9
ಅದೇ ಸೆಕ್ಷನ್ 39, ಎರಡನೇ ಉಪವಿಧಿ. ಬಿಕಾಂನವರು ಇದನ್ನ ಓದದೆ ಬಿಡ್ಬೇಡಿ.

ಮಾರುವವನು ಸಾಗಿಸುವವರ ಜೊತೆ ಏರ್ಪಾಡು ಮಾಡುವಾಗ, ಸರಕು ಎಂಥದ್ದು, ಸಂದರ್ಭ ಎಂಥದ್ದು ಅಂತ ನೋಡಿ, ಖರೀದಿದಾರನ ಪರವಾಗಿ ತಕ್ಕ ರೀತಿಯಲ್ಲೇ ಮಾಡಬೇಕು. ಹಾಗೆ ಮಾಡದೆ, ದಾರಿಯಲ್ಲಿ ಸರಕು ಕಳೆದ್ರೆ ಅಥವಾ ಹಾಳಾದ್ರೆ, ಖರೀದಿದಾರ "ಸಾಗಿಸುವವರಿಗೆ ಕೊಟ್ಟಿದ್ದನ್ನ ನನಗೆ ಕೊಟ್ಟಂತೆ ಅಂತ ನಾನು ಒಪ್ಪೋದಿಲ್ಲ" ಅನ್ನಬಹುದು. ಇಲ್ಲಾ ಮಾರಿದವನಿಂದಲೇ ನಷ್ಟ ಕೇಳಬಹುದು.

ಈಗ ನಮ್ಮ ಪೆಟ್ಟಿಗೆ ನೋಡಿ. ಎರಡು ಕೆಜಿ ಹತ್ರ ತೂಗೋ ಕಬ್ಬಿಣದ ಮೋಟರ್. ಅದನ್ನ ಹಾಕಿದ್ದು ಒಂದೇ ಪದರದ ತೆಳ್ಳನೆ ರಟ್ಟಿನ ಡಬ್ಬಿಯಲ್ಲಿ. ಸುತ್ತ ಎರಡು ಹಾಳೆ ನ್ಯೂಸ್‌ಪೇಪರ್. ಮೋಟರ್ ಒಳಗೆ ಆ ಕಡೆ ಈ ಕಡೆ ಓಡಾಡೋಷ್ಟು ಜಾಗ. ಪೆಡಲ್‌ಗೆ ಅದೂ ಇಲ್ಲ. ವಿಮೆ ಮಾಡಿಸಿರ್ಲಿಲ್ಲ.

ಪೋಸ್ಟಲ್ಲಿ ಪಾರ್ಸಲ್ ಹೆಂಗೆ ಬರುತ್ತೆ ಅಂತ ಯೋಚನೆ ಮಾಡಿ. ಕೌಂಟರ್‌ನಿಂದ ಚೀಲಕ್ಕೆ, ಚೀಲದಿಂದ ವ್ಯಾನಿಗೆ, ಅಲ್ಲಿಂದ ವಿಂಗಡಣೆ ಮಾಡೋ ಕಡೆಗೆ, ಮತ್ತೆ ಇನ್ನೊಂದು ಚೀಲಕ್ಕೆ, ಮತ್ತೊಂದು ಗಾಡಿಗೆ, ಆಮೇಲೆ ನಮ್ಮ ತಾಲ್ಲೂಕಿಗೆ, ಕೊನೆಗೆ ಸೈಕಲ್‌ಗೆ. ಮೇಲೆ ಬೇರೆ ಪಾರ್ಸಲ್ ಬೀಳುತ್ತೆ. ಇದು ದಿನಾ ಪಾರ್ಸಲ್ ಕಳಿಸೋ ವ್ಯಾಪಾರಸ್ಥರಿಗೆ ಗೊತ್ತಿರೋ ವಿಷಯ. ನಮ್ಮೂರ ಮುತ್ತಜ್ಜಿ ಹುಬ್ಬಳ್ಳಿಗೆ ಉಪ್ಪಿನಕಾಯಿ ಭರಣಿ ಕಳಿಸೋವಾಗ ಹಳೇ ಸೀರೆ ನಾಲ್ಕು ಸುತ್ತು ಸುತ್ತಿ, ಸುತ್ತ ಮಂಡಕ್ಕಿ ತುಂಬಿ ಕಳಿಸ್ತಾಳೆ. ಅವಳು ಯಾವ ಕಾಯ್ದೆ ಓದಿದಾಳೆ?

ಅಲ್ಲಿಗೆ ನನ್ನ ಪ್ರಶ್ನೇನೇ ಬದಲಾಯ್ತು. ಎಲ್ಲಿ ಒಡೀತು, ಯಾರು ಎತ್ತಿ ಹಾಕಿದ್ರು ಅಂತ ಹುಡುಕ್ತಾ ಹೋದ್ರೆ ಎಂದಿಗೂ ಗೊತ್ತಾಗಲ್ಲ. ಯಾರ ಜವಾಬ್ದಾರಿ ಮೇಲೆ ಅದು ಪ್ರಯಾಣ ಮಾಡ್ತಿತ್ತು ಅಂತ ಕೇಳಿದ್ರೆ ಗೊತ್ತಾಗುತ್ತೆ.

6/9
ಹಾಗಾದ್ರೆ ಪೋಸ್ಟಿಗೆ ಏನೂ ಹೊಣೆ ಇಲ್ವಾ? ಇದನ್ನೂ ತಿಳ್ಕೊಳ್ಳಿ, ಬಹಳ ಜನ ಇಲ್ಲೇ ಸಿಕ್ಕಿಹಾಕ್ಕೊಳ್ಳೋದು.

ಬ್ರಿಟಿಷರ ಕಾಲದ 1898ರ ಅಂಚೆ ಕಚೇರಿ ಕಾಯ್ದೆಯಲ್ಲಿ ಸೆಕ್ಷನ್ 6 ಅಂತ ಇತ್ತು. ಅಂಚೆಯಲ್ಲಿ ಹೋಗೋ ವಸ್ತು ಕಳೆದ್ರೆ, ತಡ ಆದ್ರೆ, ಹಾಳಾದ್ರೆ, ಸರ್ಕಾರ ತಾನಾಗಿ ಸ್ಪಷ್ಟವಾಗಿ ಒಪ್ಪಿಕೊಂಡಷ್ಟಕ್ಕೆ ಮಾತ್ರ ಹೊಣೆ. ನೌಕರರ ಮೇಲೆ ಕೇಸ್ ಹಾಕೋಕೂ ಬರ್ತಿರ್ಲಿಲ್ಲ, ಅವರು ಮೋಸದಿಂದ ಅಥವಾ ಬೇಕಂತಲೇ ಮಾಡಿದ್ರೆ ಮಾತ್ರ. 1980ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅಂಚೆ ಇಲಾಖೆ ಲಾರಿ ಕಂಪನಿ ಥರದ ಸಾಗಾಣಿಕೆದಾರ ಅಲ್ಲ, ಅದು ಸರ್ಕಾರ ನಡೆಸೋ ಸಾರ್ವಜನಿಕ ಸೇವೆ ಅಂತ ಹೇಳಿತು. ಈಗ 2023ರ ಹೊಸ ಕಾಯ್ದೆ ಬಂದೈತಿ, 2024ರ ಜೂನ್ 18ರಿಂದ ಜಾರಿ. ಅದರಲ್ಲೂ ನಿಯಮದಲ್ಲಿ ಹೇಳಿದಷ್ಟೇ ಹೊಣೆ.

ಎಷ್ಟು ಅಂತೀರಾ? ಸ್ಪೀಡ್ ಪೋಸ್ಟ್‌ಗೆ ಬಹಳ ವರ್ಷಗಳಿಂದ ಇರೋ ಲೆಕ್ಕ ಇದು: ಕಟ್ಟಿದ ಶುಲ್ಕದ ಎರಡು ಪಟ್ಟು ಅಥವಾ 1,000 ರೂಪಾಯಿ, ಯಾವುದು ಕಮ್ಮಿಯೋ ಅದು. ನಮ್ಮ ಪಾರ್ಸಲ್‌ನ ಶುಲ್ಕ ಸುಮಾರು 180. ಎರಡು ಪಟ್ಟು ಅಂದ್ರೆ 360. ಮೋಟರ್ ಬೆಲೆ 1,850. ಈ ನಡುವಿನ 1,490 ರೂಪಾಯಿ ತುಂಬೋಕೇ ವಿಮೆ ಇರೋದು. ವಿಮೆ ಮಾಡಿಸೋ ಅವಕಾಶ ಇರೋದು ಬುಕ್ ಮಾಡೋರಿಗೆ. ರಸೀದಿ ಇರೋದೂ ಅವರ ಹತ್ರ. ನಮ್ಮ ಕೈಲಿ ಇರೋದು ಒಡೆದ ಪುಲ್ಲಿ ಅಷ್ಟೇ.

ನಮ್ಮ ತಾತ ಒಂದು ಮಾತು ಹೇಳ್ತಾನೆ. ಅವನ ಕಾಲದಲ್ಲಿ ಪುಸ್ತಕ, ಪಂಚಾಂಗ, ಬೀಜ ಎಲ್ಲಾ ವಿ.ಪಿ.ಯಲ್ಲಿ ಬರ್ತಿದ್ವಂತೆ. ದುಡ್ಡು ಕೊಟ್ಟು ಬಿಡಿಸ್ಕೊಂಡ ಮೇಲೇನೇ ಕಟ್ಟು ಬಿಚ್ಚಬೇಕು. ಒಳಗೆ ಏನೈತೋ ದೇವರಿಗೇ ಗೊತ್ತು. ಈ ವಿ.ಪಿ.ಪಿ. ನಮ್ಮ ದೇಶದಲ್ಲಿ ಶುರುವಾಗಿದ್ದು 1877ರಲ್ಲಿ. ಅಂದ್ರೆ "ಕಣ್ಣಿಗೆ ಕಾಣದ ಅಂಗಡಿಗೆ ದುಡ್ಡು, ಕಟ್ಟಿದ ಮೇಲೆ ನೋಡು" ಅನ್ನೋ ಆಟ ನಮ್ಮ ಮೊಬೈಲಿಂದ ಶುರು ಆಗಿದ್ದಲ್ಲ.

7/9
ಈಗ ನಮ್ಮ ಕಡೆ ಇರೋ ಕಾನೂನು. ಇದನ್ನ ಸೇವ್ ಮಾಡ್ಕೊಳ್ಳಿ.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019. 2020ರ ಜುಲೈಯಿಂದ ಜಾರಿ. ಅದರ ಕೆಳಗೆ ಅದೇ ತಿಂಗಳು ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ, ಆನ್‌ಲೈನಲ್ಲಿ ಮಾರಿದ ವಸ್ತು ದೋಷಪೂರಿತವಾಗಿದ್ರೆ ಅಥವಾ ಹೇಳಿದ ಹಾಗೆ ಇಲ್ಲದಿದ್ರೆ, ವಾಪಸ್ ತಗೊಳ್ಳಲ್ಲ, ದುಡ್ಡು ಕೊಡಲ್ಲ ಅನ್ನೋ ಹಾಗಿಲ್ಲ. ದೂರು ನೋಡ್ಕೊಳ್ಳೋಕೆ ಒಬ್ಬ ಅಧಿಕಾರಿ ಇರಬೇಕು. ದೂರು ತಲುಪಿದ್ದನ್ನ 48 ಗಂಟೆಯೊಳಗೆ ಒಪ್ಕೊಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು.

ಇದನ್ನೆಲ್ಲ ಬರೆದು ಕಳಿಸ್ದೆ. ಅಂಗಡಿಯವರು ಹೊಸ ಮಾತು ತೆಗೆದ್ರು. "ನಿಮ್ಮ ತಾಯಿ ವ್ಯಾಪಾರಕ್ಕೆ ತಗೊಂಡಿದ್ದು. ವ್ಯಾಪಾರಕ್ಕೆ ತಗೊಂಡ್ರೆ ಗ್ರಾಹಕರು ಅಲ್ಲ."

ಅರ್ಧ ಸತ್ಯ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಅಂತ ಕಾಯ್ದೆ ಹೇಳುತ್ತೆ. ಆದ್ರೆ ಅದರ ಕೆಳಗೇ ವಿವರಣೆ ಐತಿ: ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋದಕ್ಕೆ ಮಾತ್ರ ತಗೊಂಡು ತಾನೇ ಬಳಸಿದ್ರೆ ಅದು ವಾಣಿಜ್ಯ ಉದ್ದೇಶ ಅಲ್ಲ. ಟೈಲರ್ ಅಕ್ಕ, ಆಟೋ ಅಣ್ಣ, ಹಡಗಲಿ ಮಲ್ಲಿಗೆ ಕಟ್ಟಿ ಮಾರೋ ಅಜ್ಜಿ, ಮಿರ್ಚಿ ಮಂಡಕ್ಕಿ ಗಾಡಿ ಇಟ್ಟಿರೋ ಮಾಮ, ಇವರೆಲ್ಲ ತಮ್ಮ ದುಡಿಮೆಗೆ ಅಂತ ತಗೊಂಡ ವಸ್ತುವಿಗೆ ಗ್ರಾಹಕರೇ.

ಅದನ್ನ ಅವ್ವನಿಗೆ ಓದಿ ಹೇಳ್ದೆ. ಅವಳು ದಾರ ಪೋಣಿಸ್ತಾ, "ಇನ್ನೊಮ್ಮೆ ಓದು" ಅಂದ್ಲು. ಇನ್ನೊಮ್ಮೆ ಓದಿದೆ. "ಹಂಗಾರ ನನ್ನಂಥಾರ ಬಗ್ಗೆನೂ ಬರದಾರ ಅಲ್ಲಿ" ಅಂದ್ಲು.

8/9
ಅವ್ವನ ಹೆಸರಲ್ಲೇ ಪತ್ರ ಬರೆದ್ವಿ. ಕನ್ನಡದಲ್ಲಿ ಒಂದು, ಅವರಿಗೆ ಅರ್ಥ ಆಗ್ಲಿ ಅಂತ ಇಂಗ್ಲಿಷಲ್ಲಿ ಒಂದು. ಏನು ಕೊಂಡ್ವಿ, ಯಾವಾಗ, ಎಷ್ಟಕ್ಕೆ, ಹೆಂಗೆ ಪ್ಯಾಕ್ ಮಾಡಿದ್ರಿ, ತೆರೆದಾಗ ಏನಿತ್ತು, ನಮಗೆ ಏನು ಬೇಕು, ಎಷ್ಟು ದಿನದಲ್ಲಿ ಬೇಕು. ಒಂದೇ ಪುಟ, ಬೈಗುಳ ಇಲ್ಲ. ಅಂಚೆ ಕಚೇರಿ ಚೀಟಿಯ ಜೆರಾಕ್ಸ್ ಜೊತೆಗಿಟ್ಟು ಸ್ಪೀಡ್ ಪೋಸ್ಟಲ್ಲಿ ಕಳಿಸಿದ್ವಿ. ಹೌದು, ಪೋಸ್ಟಲ್ಲೇ. ಕಾಕಾ ನಕ್ಕು, "ಇದು ಒಡ್ಯಾಂಗಿಲ್ಲ ಬಿಡವ್ವಾ" ಅಂದ್ರು.

ಅದೇ ದಿನ 1915ಕ್ಕೆ ಫೋನ್ ಮಾಡಿ ದೂರು ದಾಖಲು ಮಾಡ್ದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅಂಗಡಿಯವರಿಗೆ ದೂರಿನ ನಂಬರ್ ಕಳಿಸ್ದೆ.

ನಾಲ್ಕು ದಿನಕ್ಕೆ ಫೋನ್ ಬಂತು. "ಅರ್ಧ ಕೊಡ್ತೀವಿ, 925. ಇಲ್ಲಿಗೆ ಮುಗಿಸೋಣ." ನಾನು ಸ್ಪೀಕರ್ ಹಾಕಿದ್ದೆ. ನನಗೆ ಒಪ್ಕೊಬಿಡೋಣ ಅನ್ನಿಸ್ತು. ಎಷ್ಟು ದಿನ ಇದನ್ನೇ ಹಿಡ್ಕೊಂಡು ಕೂರೋದು? ಅಷ್ಟರಲ್ಲಿ ಅವ್ವ ಫೋನ್ ಹತ್ರ ಬಾಯಿ ತಂದು, "ಅಣ್ಣಾರೆ, ನಾನು ಗಿರಾಕಿಗೆ ಒಂದು ತೋಳು ಹೊಲಿದು, ಅರ್ಧ ಕೂಲಿ ಕೊಡ್ರಿ ಅಂದ್ರ ಕೊಡ್ತಾರೇನ್ರಿ?" ಅಂದ್ಲು. ಆ ಕಡೆ ಸದ್ದಿಲ್ಲ.

ಜೂನ್ ಎರಡನೇ ವಾರ 1,850 ಪೂರ್ತಿ ಖಾತೆಗೆ ಬಂತು.

ಗೆದ್ವಿ ಅಂತ ಬರೆಯೋಕೆ ಆಸೆ. ಆದ್ರೆ ಅಷ್ಟೊತ್ತಿಗೆ ಶಾಲೆ ಶುರುವಾಗಿತ್ತು. ಯೂನಿಫಾರ್ಮ್ ಎಲ್ಲಾ ಅವ್ವ ಕಾಲಲ್ಲೇ ತುಳಿದು ಹೊಲಿದಿದ್ಲು. ರಾತ್ರಿ ಹನ್ನೊಂದರವರೆಗೂ ಮಷಿನ್ ಸದ್ದು. ಬೆಳಿಗ್ಗೆ ಗೋಡೆ ಹಿಡ್ಕೊಂಡು ಏಳೋಳು. ಕೊನೆಗೆ ಎಂಟು ಜೊತೆ ಬಟ್ಟೆ ಆಗಲ್ಲ ಅಂತ ಬೇರೆಯವರಿಗೆ ಕೊಟ್ಟು ಕಳಿಸಿದ್ಲು. ಆ ಕೂಲಿ, ಆ ಮೊಣಕಾಲು, ಯಾವುದೂ 1,850ರಲ್ಲಿ ಇರ್ಲಿಲ್ಲ. ಅದಕ್ಕೂ ಪರಿಹಾರ ಕೇಳೋಕೆ ಗ್ರಾಹಕ ಆಯೋಗ ಐತಿ ಅಂತ ಹೇಳ್ದೆ. "ಈ ಸಲ ಸಾಕು" ಅಂದ್ಲು. ಅದು ಅವಳ ದುಡ್ಡು, ಅವಳ ಕಾಲು, ಅವಳ ತೀರ್ಮಾನ. ಮೋಟರ್‌ನ ಆಮೇಲೆ ಹೊಸಪೇಟೆಗೆ ಹೋಗಿ, ಅಂಗಡಿಯಲ್ಲೇ ಓಡಿಸಿ ನೋಡಿ ತಂದ್ವಿ.

9/9
ನೀವು ಮಾಡ್ಬೇಕಾಗಿದ್ದು ಇಷ್ಟೇ.

ಪೆಟ್ಟಿಗೆ ಜಜ್ಜಿದ ಹಾಗೆ ಕಂಡ್ರೆ ಮನೆ ಬಾಗಿಲಲ್ಲಿ ಬಿಚ್ಚಬೇಡಿ. ಅಂಚೆ ಕಚೇರಿಯಲ್ಲಿ ಓಪನ್ ಡೆಲಿವರಿ ಕೇಳಿ. ಲೇಬಲ್, ತೂಕ, ಪ್ಯಾಕಿಂಗ್, ವಸ್ತು, ಎಲ್ಲದರ ಫೋಟೋ ತೆಗೀರಿ. ರಟ್ಟಿನ ಡಬ್ಬಿ ಒಲೆಗೆ ಹಾಕ್ಬೇಡಿ, ಅದೇ ದೊಡ್ಡ ಸಾಕ್ಷಿ.

ಮೊದಲು ಮಾರಿದವರಿಗೆ ಬರವಣಿಗೆಯಲ್ಲಿ ದೂರು. ಫೋನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ಪೋಸ್ಟ್ ಬಗ್ಗೆ ದೂರು ಇದ್ರೆ 1800 266 6868. ಮಾರಿದವರು ಕೇಳದಿದ್ರೆ 1915. ಅದಕ್ಕೂ ಬಗ್ಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ. ಆನ್‌ಲೈನಲ್ಲೇ ದೂರು ಕೊಡಬಹುದು. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ರೆ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ಮುಖ್ಯವಾಗಿ, ಅಂಗಡಿ ದೆಹಲಿಯಲ್ಲಿರ್ಲಿ, ಸೂರತ್‌ನಲ್ಲಿರ್ಲಿ, ನೀವು ವಾಸ ಇರೋ ಕಡೆಯೇ ದೂರು ಹಾಕಬಹುದು. ಇದು 2019ರ ಕಾಯ್ದೆ ನಮ್ಮಂಥ ಊರೋರಿಗೆ ಮಾಡಿದ ದೊಡ್ಡ ಉಪಕಾರ.

ನೀವೇ ಮಾರೋರಾಗಿದ್ರೆ, ನಮ್ಮ ಕ್ಲಾಸಲ್ಲೇ ಮೂರು ಜನ ಸೀರೆ, ಬಳೆ ಅಂತ ಪೇಜ್ ನಡೆಸ್ತೀರಲ್ಲ, ನಿಮಗೂ ಒಂದು ಮಾತು. ಎರಡು ಪದರದ ಡಬ್ಬಿ, ಒಳಗೆ ಅಲ್ಲಾಡದ ಹಾಗೆ ತುಂಬಿ, ಬೆಲೆ ಜಾಸ್ತಿ ಇದ್ರೆ ವಿಮೆ ಮಾಡಿಸಿ. ಪೋಸ್ಟಿಗೆ ಕೊಟ್ಟ ತಕ್ಷಣ ನಿಮ್ಮ ಕೆಲಸ ಮುಗಿಯಲ್ಲ.

ಕೊನೇದಾಗಿ, ಇಷ್ಟೆಲ್ಲ ಬರೆಯೋಕೆ ಕಾರಣ ಆಗಿದ್ದು. ಒಡೆದ ವಸ್ತು ನೋಡಿದಾಗ ಸಿಟ್ಟು ಬರೋದು ಸಹಜ. ಆದ್ರೆ ಡಬ್ಬಿ ಕಟ್ಟಿದವರು ನಮ್ಮ ಕಣ್ಣಿಗೆ ಕಾಣಲ್ಲ, ಚೀಲ ಎಸೆದವರು ಕಾಣಲ್ಲ. ಕಾಣೋದು ಬಿಸಿಲಲ್ಲಿ ಸೈಕಲ್ ಹಿಡ್ಕೊಂಡು ನಿಂತಿರೋ ಒಬ್ಬರೇ. ಹಾಗಾಗಿ ಇಡೀ ಸಿಟ್ಟು ಅವರ ಮೇಲೆ ಬೀಳುತ್ತೆ. ಅವರನ್ನ ಬೈದು ಮುಗಿಸಿದ ಮೇಲೆ ನಾವು "ಹೋಗ್ಲಿ ಬಿಡು" ಅಂತ ಒಳಗೆ ಹೋಗ್ತೀವಿ. ನಿಜವಾಗ್ಲೂ ಉತ್ತರ ಕೊಡಬೇಕಾದವರಿಗೆ ಒಂದು ಸಾಲು ಕೂಡ ಬರೆಯಲ್ಲ.

ಸಿಟ್ಟನ್ನ ಪತ್ರಕ್ಕೆ ಹಾಕಿ, ವಿಳಾಸ ಸರಿಯಾಗಿ ಬರೀರಿ. ತಲುಪಿಸೋಕೆ ಕಾಕಾ ಇದಾರೆ.

ಮುಂದಿನ ಸರಣಿ: ಸಂಘದ ಸಾಲಕ್ಕೆ ಬಡ್ಡಿ ಲೆಕ್ಕ ಹಾಕೋದು ಹೆಂಗೆ. ಈ ಪೋಸ್ಟ್‌ನ ಮನೇಲಿ ಅವ್ವ, ಅಕ್ಕ, ಚಿಕ್ಕಮ್ಮ ಎಲ್ಲರಿಗೂ ಓದಿ ಹೇಳಿ.

#ಕೂಡ್ಲಿಗಿ #ಕೊಟ್ಟೂರು #ಹಗರಿಬೊಮ್ಮನಹಳ್ಳಿ #ಹಡಗಲಿ #ಹರಪನಹಳ್ಳಿ #ಬಿಕಾಂ #ಗ್ರಾಹಕರಹಕ್ಕು